ಡಿವಿಡಿ ಡ್ರೈವ್ ಬದಲಿಸಿದ ಒಂದು ಪ್ರಕರಣ: ದಾವಣಗೆರೆಯ ಮೇಷ್ಟ್ರ ಮನೆ ಕಂಪ್ಯೂಟರ್

ದಾವಣಗೆರೆಯ ವಿದ್ಯಾನಗರದಲ್ಲಿ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಮನೆ. ಮಗಳು, ಅಳಿಯ ಪುಣೆಯಲ್ಲಿದ್ದಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಡುಮನೆಯ ಮೂಲೆಯಲ್ಲಿ 2009ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಡ್ಯುಯಲ್ ಕೋರ್ ಪ್ರೊಸೆಸರ್, 2 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿಕೊಂಡ ವಿಂಡೋಸ್ 7. ಡಿವಿಡಿ ರೈಟರ್ ಮಾತ್ರ ಅದಕ್ಕಿಂತಲೂ ಹಳೆಯದು. ಮೊದಲಿದ್ದ ಕಂಪ್ಯೂಟರಿನಿಂದ ಬಿಚ್ಚಿ ಇದಕ್ಕೆ ಹಾಕಿಸಿದ್ದರು.

ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟು: "ಡಿವಿಡಿ ಒಳಗೇ ಸಿಕ್ಕಾಕ್ಕೊಂಡೈತಪ್ಪ. ಬಟನ್ ಒತ್ತಿದ್ರೆ ಟರ್ ಅನ್ನುತ್ತೆ, ಟ್ರೇ ಬರಲ್ಲ. ಒಳಗಿರೋದು ಮಗಳ ಮದುವೆದು ನೋಡು." ಅದಕ್ಕೂ ಮೊದಲು ಅವರು ವಿಚಾರಿಸಿದ್ದ ಕಡೆ, ಇಷ್ಟು ಹಳೇ ಸಿಸ್ಟಂಗೆ ಈಗ ಏನೂ ಸಿಗಲ್ಲ, ಹೊಸದು ತಗೊಂಡುಬಿಡಿ ಅಂದಿದ್ದರಂತೆ. ಹೊಸದು ತಗೊಂಡರೆ ಮೇಷ್ಟ್ರ ಕಷ್ಟ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಈಗ ಬರುವ ಕ್ಯಾಬಿನೆಟ್‌ಗಳಲ್ಲಿ ಬಹಳಷ್ಟಕ್ಕೆ ಡಿವಿಡಿ ಡ್ರೈವ್ ಕೂರಿಸುವ ಜಾಗವೇ ಇರುವುದಿಲ್ಲ. ಅವರ ಬೀರುವಿನಲ್ಲಿದ್ದ ಡಿಸ್ಕುಗಳು ಅಲ್ಲೇ ಕೂರುತ್ತಿದ್ದವು.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿರುವುದಕ್ಕೆ ಕಾರಣ ಅದೇ. ಡ್ರೈವ್ ಬದಲಿಸಿಕೊಟ್ಟು ದುಡ್ಡು ಇಸ್ಕೊಂಡು ಬಂದರೆ ನಮ್ಮಂಥ ರಿಪೇರಿಯವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಮನೆಯವರ ಲೆಕ್ಕದಲ್ಲಿ ಮುಗಿಯುವುದು ಆ ಡಿಸ್ಕುಗಳಲ್ಲಿ ಇದ್ದದ್ದು ಹೊರಗೆ ಬಂದಾಗ. ಡ್ರೈವ್ ಇರುವುದೇ ಅದಕ್ಕೆ.

ಮೂರು ದೂರು

ಮೇಷ್ಟ್ರನ್ನು ಮಾತಾಡಿಸುತ್ತಾ ಹೋದ ಹಾಗೆ ದೂರು ಒಂದಲ್ಲ, ಮೂರು ಎಂದು ಗೊತ್ತಾಯಿತು. ಟ್ರೇ ತೆರೆಯುತ್ತಿಲ್ಲ ಎನ್ನುವುದು ಈಗಿನದು. ಅದಕ್ಕೂ ಮುಂಚಿನಿಂದ ಸಿಡಿ ಹಾಕಿದರೆ ಓಡುತ್ತಿತ್ತು, ಡಿವಿಡಿ ಹಾಕಿದರೆ ಮಾತ್ರ ಬಹಳ ಹೊತ್ತು ಗಿರಗಿರ ತಿರುಗಿ ಕೊನೆಗೆ ಡಿಸ್ಕ್ ಹಾಕಿ ಎಂದು ಕೇಳುತ್ತಿತ್ತು. ಮೂರನೆಯದು, ಒಂದೊಂದು ದಿನ ಮೈ ಕಂಪ್ಯೂಟರ್‌ನಲ್ಲಿ ಡ್ರೈವಿನ ಗುರುತೇ ಕಾಣುತ್ತಿರಲಿಲ್ಲ. ಸಿಪಿಯು ಪಕ್ಕಕ್ಕೆ ಒಂದು ತಟ್ಟಿದರೆ ಬರುತ್ತಿತ್ತು. ಈ ಮೂರನ್ನೂ 'ಡ್ರೈವ್ ಹೋಗಿದೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಹೊಸ ಡ್ರೈವ್ ಹಾಕಿದ ಮೇಲೂ ಒಂದು ದೂರು ಉಳಿಯುತ್ತದೆ. ಇಲ್ಲಿ ಉಳಿಯುವುದರಲ್ಲಿತ್ತು, ಮುಂದೆ ಹೇಳುತ್ತೇನೆ.

ಮೊದಲು ಒಳಗಿದ್ದ ಡಿಸ್ಕ್. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ಚೂ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿದೆ. ಟ್ರೇ ಕೆಳಗೆ ಪುಟ್ಟದೊಂದು ತೂತು ಇರುತ್ತದೆ. ಬಹಳ ಜನ ಅದನ್ನು ಹೆಡ್‌ಫೋನ್ ತೂತೋ, ಗಾಳಿ ಆಡುವ ಕಿಂಡಿಯೋ ಅಂದುಕೊಂಡಿರುತ್ತಾರೆ. ಕರೆಂಟಿಲ್ಲದೆಯೂ ಟ್ರೇ ತೆಗೆಯುವುದಕ್ಕೆಂದೇ ಕೊಟ್ಟಿರುವ ತೂತು ಅದು. ಜೆಮ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ಒಳಗೆ ತಡೆ ಸಿಗುವವರೆಗೆ ನೇರವಾಗಿ ತಳ್ಳಿದರೆ ಟ್ರೇ ಬೆರಳ ತುದಿಗೆ ಸಿಗುವಷ್ಟು ಹೊರಗೆ ಬರುತ್ತದೆ. ಆಮೇಲೆ ಕೈಯಲ್ಲಿ ನಿಧಾನ ಎಳೆಯಬೇಕು. ಟ್ರೇ ಅಂಚಿನಲ್ಲಿ ಚಾಕುವಿನ ಗೀರುಗಳಿದ್ದವು. ಯಾರೋ ಮೀಟಲು ನೋಡಿದ್ದರು. ಪುಣ್ಯಕ್ಕೆ ಡಿಸ್ಕಿಗೆ ತಾಗಿರಲಿಲ್ಲ.

ಡಿಸ್ಕ್ ಕೈಗೆ ಬಂದ ಮೇಲೆ ಹಳೇ ಡ್ರೈವನ್ನು ಬಿಚ್ಚಿ ನೋಡಿದೆ. ತಳದ ನಾಲ್ಕು ಸ್ಕ್ರೂ ತೆಗೆದು, ಮುಂದಿನ ಮುಚ್ಚಳ ಕಳಚಿದರೆ ಟ್ರೇಯ ಮೋಟರು, ಅದರಿಂದ ಹಲ್ಲುಚಕ್ರಕ್ಕೆ ಹೋಗುವ ಬಳೆಯಷ್ಟೂ ಇಲ್ಲದ ರಬ್ಬರ್ ಬೆಲ್ಟು ಕಾಣುತ್ತದೆ. ಬೆಲ್ಟು ಸಡಿಲವಾಗಿ ನುಣುಪಾಗಿತ್ತು. ಮೋಟರು ತಿರುಗಿದರೂ ಅದು ಜಾರುತ್ತಿತ್ತು. ಮೇಷ್ಟ್ರು ಕೇಳಿದ ಟರ್ ಸದ್ದು ಇದೇ. ಟ್ರೇ ತೆರೆಯುವಾಗ ಅತಿ ಹೆಚ್ಚು ಬಲ ಬೇಕಾಗುವುದು ಶುರುವಿನ ಕ್ಷಣದಲ್ಲಿ. ಡಿಸ್ಕನ್ನು ಮೇಲಿನಿಂದ ಹಿಡಿದಿರುವ ಅಯಸ್ಕಾಂತದ ಬಿಲ್ಲೆಯ ಪಟ್ಟು ಬಿಡಿಸಿ, ತಿರುಗುವ ಭಾಗವನ್ನು ಕೆಳಗಿಳಿಸಿ, ಆಮೇಲೆ ಟ್ರೇ ತಳ್ಳಬೇಕು. ಅದಕ್ಕೇ ಬೆಲ್ಟು ಸವೆದ ಡ್ರೈವಿನಲ್ಲಿ ಟ್ರೇ ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದು ಕಷ್ಟ.

ಬೆಲ್ಟು ಒಂದೇ ಆಗಿದ್ದರೆ ಅದನ್ನು ಬದಲಿಸಿ ಕೊಡುತ್ತಿದ್ದೆ. ಎರಡನೇ ದೂರು ಹಾಗೆ ಬಗೆಹರಿಯುವುದಲ್ಲ. ಸಿಡಿ ಓದಲು 780 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬೇಕು, ಡಿವಿಡಿಗೆ 650. ಡಿವಿಡಿ ಡ್ರೈವುಗಳಲ್ಲಿ ಎರಡಕ್ಕೂ ಬೇರೆ ಬೇರೆ ಲೇಸರ್ ಇರುತ್ತದೆ. ಒಂದು ಸೋತು ಇನ್ನೊಂದು ಚೆನ್ನಾಗಿರುವುದು ಹೊಸತೇನಲ್ಲ. ಲೆನ್ಸಿನ ಮೇಲೆ ಧೂಳು ಕೂತರೂ ಇದೇ ಲಕ್ಷಣ ಕಾಣಬಹುದು, ಏಕೆಂದರೆ ಡಿವಿಡಿಯ ಗುರುತುಗಳು ಸಿಡಿಯವಕ್ಕಿಂತ ಬಹಳ ಸಣ್ಣವು. ದಾವಣಗೆರೆಯಲ್ಲಿ ಧೂಳಿಗೆ ಬರವಿಲ್ಲ. ಮಂಡಕ್ಕಿ ಭಟ್ಟಿ ಕಡೆಯ ಮನೆಗಳ ಸಿಪಿಯು ಬಿಚ್ಚಿದರೆ ಒಳಗೆಲ್ಲ ಕರಿ ಮಸಿ ಇರುತ್ತದೆ. ಹಾಗಾಗಿ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಒತ್ತಡ ಹಾಕದೆ ಲೆನ್ಸ್ ಒರೆಸಿ ಮತ್ತೆ ನೋಡಿದೆ. ಸಿಡಿ ಓದಿತು. ಅಂಗಡಿಯಿಂದ ತಂದ, ಗೀರಿಲ್ಲದ ಸಿನಿಮಾ ಡಿವಿಡಿಯನ್ನೂ ಓದಲಿಲ್ಲ. ಅಲ್ಲಿಗೆ ಡಿಸ್ಕಿನ ತಪ್ಪಿಲ್ಲ, ಡಿವಿಡಿಯ ಲೇಸರೇ ಸೋತಿದೆ ಎಂದಾಯಿತು. ಲೇಸರ್ ಪಕ್ಕದಲ್ಲಿ ಚಿಕ್ಕ ತಿರುಪು ಇರುತ್ತದೆ. ಅದನ್ನು ತಿರುಗಿಸಿ ಬಲ ಹೆಚ್ಚಿಸುವವರಿದ್ದಾರೆ. ನಾನು ಮಾಡುವುದಿಲ್ಲ. ಉಳಿದಿರುವ ಲೇಸರೂ ಬೇಗ ಸುಟ್ಟುಹೋಗುತ್ತದೆ.

ಮೂರನೇ ದೂರಿಗೆ ಪರೀಕ್ಷೆ ಸುಲಭ. ಕಂಪ್ಯೂಟರ್ ಶುರುವಾಗುವಾಗ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನೊಳಗಿನ ಪುಟ್ಟ ಸಾಫ್ಟ್‌ವೇರಿನಲ್ಲಿ) ಡ್ರೈವಿನ ಹೆಸರು ಇದ್ದು ವಿಂಡೋಸ್‌ನಲ್ಲಿ ಇಲ್ಲದಿದ್ದರೆ ತೊಂದರೆ ಸಾಫ್ಟ್‌ವೇರಿನದು. ಬಯೋಸ್‌ನಲ್ಲೇ ಇಲ್ಲದಿದ್ದರೆ ಕೇಬಲ್ಲೋ, ಕರೆಂಟೋ, ಡ್ರೈವೋ. ಇಲ್ಲಿ ತಟ್ಟಿದಾಗಲೆಲ್ಲ ಬಯೋಸ್‌ನಲ್ಲೂ ಹೆಸರು ಬಂದು ಹೋಗುತ್ತಿತ್ತು. ಎಸ್‌ಎಂಪಿಎಸ್‌ನಿಂದ, ಎಂದರೆ ಒಳಗಿನ ಕರೆಂಟ್ ಪೆಟ್ಟಿಗೆಯಿಂದ, ಡ್ರೈವಿಗೆ ಬರುವ ನಾಲ್ಕು ವೈರಿನ ಮೋಲೆಕ್ಸ್ ಕನೆಕ್ಟರ್ ಹಿಡಿದು ಅಲ್ಲಾಡಿಸಿದರೆ ಹಳದಿ ವೈರಿನ ಪಿನ್ನು ಒಳಗೇ ಹಿಂದೆ ಸರಿಯುತ್ತಿತ್ತು. ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್, ಕಪ್ಪು ಎರಡೂ ಗ್ರೌಂಡ್. ಇದೇ ಕನೆಕ್ಟರಿಗೆ ಹೊಸ ಡ್ರೈವ್ ಸಿಕ್ಕಿಸಿದ್ದರೆ ಮೇಷ್ಟ್ರು ಮತ್ತೆ ತಟ್ಟುತ್ತಾ ಕೂರಬೇಕಾಗುತ್ತಿತ್ತು. ಆ ಕನೆಕ್ಟರಿಗೆ ಟೇಪು ಸುತ್ತಿ, ಬಳಸಬೇಡಿ ಎಂದು ಬರೆದು ಪಕ್ಕಕ್ಕೆ ಕಟ್ಟಿಬಿಟ್ಟೆ.

ಯಾವ ಡ್ರೈವ್

ಹಳೆಯದು ಐಡಿಇ ಡ್ರೈವ್. ಐಡಿಇ ಎಂದರೆ ಡ್ರೈವನ್ನು ಮದರ್‌ಬೋರ್ಡಿಗೆ, ಎಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿಗೆ, ಜೋಡಿಸುವ ಹಳೇ ಪದ್ಧತಿ. ಹಿಂದೆ 40 ಪಿನ್ನು, ಅಗಲವಾದ ರಿಬ್ಬನ್ ಕೇಬಲ್ಲು, ಒಂದೇ ಕೇಬಲ್ಲಿನ ಎರಡು ಡ್ರೈವಲ್ಲಿ ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂದು ಗುರುತಿಸಲು ಕೂರಿಸುವ ಜಂಪರು ಎಂಬ ಪುಟ್ಟ ಬಿರಡೆ. ಇದು ಸಿಗುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದ್ದು ಬಹುಮಟ್ಟಿಗೆ ನಿಜವೇ. ಹೊಸದು ಬರುವುದು ಯಾವತ್ತೋ ನಿಂತಿದೆ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದರ ಬೆಲ್ಟು, ಲೇಸರ್ ಕೂಡ ಇಷ್ಟೇ ವಯಸ್ಸಿನವು. ಆದರೆ ಹಳೇ ಡ್ರೈವ್ ಐಡಿಇ ಎಂದ ಮಾತ್ರಕ್ಕೆ ಮದರ್‌ಬೋರ್ಡಿಗೂ ಐಡಿಇಯೇ ಗತಿ ಅಂತೇನಿಲ್ಲ. ಅದರ ಜಾಗಕ್ಕೆ ಸಾಟಾ ಎಂಬ ಹೊಸ ಪದ್ಧತಿ ಬಂದದ್ದು 2003ರಲ್ಲಿ. ಆಮೇಲಿನ ಎಷ್ಟೋ ವರ್ಷದ ಬೋರ್ಡುಗಳಲ್ಲಿ ಎರಡೂ ಇರುತ್ತವೆ. ಮುಚ್ಚಳ ತೆಗೆದು ನೋಡಿದರೆ ಮೇಷ್ಟ್ರ ಬೋರ್ಡಿನಲ್ಲಿ ನಾಲ್ಕು ಸಾಟಾ ಪೋರ್ಟು, ಹಾರ್ಡ್ ಡಿಸ್ಕ್ ಹಿಡಿದಿರುವುದು ಒಂದನ್ನು. ಬಾಕಿ ಮೂರು ಖಾಲಿ. ಇಷ್ಟು ನೋಡುವುದಕ್ಕೆ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಟಾರ್ಚು ಸಾಕು.

ಯುಎಸ್‌ಬಿಯಲ್ಲಿ ಹಾಕುವ ತೆಳ್ಳಗಿನ ಡ್ರೈವ್ ತಗೊಂಡರೆ ಬಿಚ್ಚುವ ಕೆಲಸವೇ ಇಲ್ಲವಲ್ಲ ಎಂದು ಅಳಿಯ ಫೋನಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಲ್ಯಾಪ್‌ಟಾಪ್ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿನ ತೊಡಕು ಕರೆಂಟಿನದು. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪ್. ಡಿಸ್ಕ್ ವೇಗ ಹಿಡಿಯುವಾಗ ಇಂಥ ಡ್ರೈವುಗಳು ಅದಕ್ಕಿಂತ ಹೆಚ್ಚು ಎಳೆಯುವುದುಂಟು. ಕೆಲವಕ್ಕೆ ಎರಡು ಪೋರ್ಟಿಗೆ ಸಿಕ್ಕಿಸುವ ಕವಲು ಕೇಬಲ್ ಕೊಟ್ಟಿರುತ್ತಾರೆ. ಹಳೇ ಸಿಪಿಯುವಿನ ಮುಂದಿನ ಪೋರ್ಟುಗಳನ್ನು ನಂಬಿ ಗೀರು ಬಿದ್ದ ಡಿಸ್ಕುಗಳನ್ನು ಗಂಟೆಗಟ್ಟಲೆ ಓದಿಸಲು ನನಗೆ ಮನಸ್ಸಾಗಲಿಲ್ಲ. ಒಳಗೆ ಜಾಗ ಇದೆ, ಪೋರ್ಟ್ ಇದೆ. ಸಾಟಾ ಡಿವಿಡಿ ರೈಟರನ್ನೇ ತರಿಸೋಣ ಎಂದೆ. ಊರಿನ ಅಂಗಡಿಯವರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಟ್ಟರು. ಒಂದೂವರೆ ಸಾವಿರದೊಳಗೆ ಮುಗಿಯಿತು, ಸಾಟಾ ಕೇಬಲ್ಲೂ ಸೇರಿ.

ಇನ್ನೊಂದು ಸಣ್ಣ ಸಾಮಾನು ಬೇಕಾಯಿತು. ಆ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಸಾಟಾ ಪವರಿನ ಒಂದೇ ಕನೆಕ್ಟರ್, ಅದು ಹಾರ್ಡ್ ಡಿಸ್ಕಿಗೆ ಹೋಗಿತ್ತು. ಟೇಪು ಸುತ್ತಿದ್ದನ್ನು ಬಿಟ್ಟು ಇನ್ನೊಂದು ಮೋಲೆಕ್ಸಿನಿಂದ ಕರೆಂಟು ಕೊಡಬೇಕಿತ್ತು. ಮೋಲೆಕ್ಸಿನಿಂದ ಸಾಟಾಗೆ ಬದಲಿಸುವ ಕನ್ವರ್ಟರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಕೊಳ್ಳುವಾಗ ಸಾಟಾ ತುದಿ ನೋಡಿ. ವೈರುಗಳ ಸಮೇತ ಪ್ಲಾಸ್ಟಿಕ್ ಎರಕ ಹೊಯ್ದು ಒಂದೇ ಮುದ್ದೆ ಮಾಡಿರುವುದು ಬೇಡ. ಅದರೊಳಗೆ ವೈರು ಸರಿದು ಒಂದಕ್ಕೊಂದು ತಾಗಿ ಸುಟ್ಟ ಉದಾಹರಣೆಗಳಿವೆ. ಒಂದೊಂದು ವೈರೂ ಬೇರೆ ಬೇರೆಯಾಗಿ ಒಳಗೆ ಹೋಗಿ ಕಚ್ಚಿರುವುದು ಕಣ್ಣಿಗೆ ಕಾಣುವಂಥದ್ದು ತಗೊಳ್ಳಿ. ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸಕ್ಕೆ ಬೆಂಕಿಯ ಅಪಾಯ ತಂದುಕೊಳ್ಳಬಾರದು.

ಕೂರಿಸಿದ್ದು

ಕೂರಿಸುವುದರಲ್ಲಿ ಹೇಳುವಂಥದ್ದು ಕಡಿಮೆ. ಡ್ರೈವಿಗೆ ಎರಡೂ ಕಡೆ ಸ್ಕ್ರೂ ಬರುವುದರಿಂದ ಸಿಪಿಯುವಿನ ಎರಡೂ ಪಕ್ಕದ ಮುಚ್ಚಳ ತೆಗೆಯಬೇಕು, ಡ್ರೈವನ್ನು ಮುಂದಿನಿಂದ ತಳ್ಳಬೇಕು. ಬೋರ್ಡು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬರಿ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಬೇಕು. ಸ್ಕ್ರೂ ವಿಚಾರ ಮಾತ್ರ ಗಮನ ಬೇಡುತ್ತದೆ. ಮೇಷ್ಟ್ರು ಹಾರ್ಲಿಕ್ಸ್ ಬಾಟಲಿ ತುಂಬ ಕೂಡಿಟ್ಟ ಸ್ಕ್ರೂ ತಂದಿಟ್ಟರು. ಅದರಲ್ಲಿ ಹೆಚ್ಚಿನವು ಹಾರ್ಡ್ ಡಿಸ್ಕಿನ ದಪ್ಪ ಥ್ರೆಡ್ಡಿನವು (ಥ್ರೆಡ್ ಎಂದರೆ ಸ್ಕ್ರೂ ಮೈಮೇಲಿನ ಸುರುಳಿ ಗೆರೆ). ಡಿವಿಡಿ ಡ್ರೈವಿಗೆ ಬೇಕಾದ್ದು ಸಣ್ಣ ಥ್ರೆಡ್ಡಿನ, 3 ಮಿಲಿಮೀಟರ್ ದಪ್ಪದ ಎಂ3. ದಪ್ಪದ್ದನ್ನು ಬಲವಂತವಾಗಿ ತಿರುಗಿಸಿದರೆ ಡ್ರೈವಿನ ಥ್ರೆಡ್ಡು ಹಾಳಾಗುತ್ತದೆ, ಉದ್ದದ್ದು ಹಾಕಿದರೆ ತುದಿ ಒಳಗಿನ ಭಾಗಕ್ಕೆ ಒತ್ತುತ್ತದೆ. ಹಳೇ ಡ್ರೈವಿನ ನಾಲ್ಕು ಸ್ಕ್ರೂಗಳನ್ನೇ ಹೊಸದಕ್ಕೆ ಹಾಕಿದೆ. ಸಾಟಾ ಕನೆಕ್ಟರಿನ ಬಾಯಿ ತಿರುವು ಇರುವಂಥದ್ದು, ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಬೇಕು, ಒತ್ತಬಾರದು.

ಬಯೋಸ್‌ನಲ್ಲಿ ಹೊಸ ಡ್ರೈವಿನ ಹೆಸರು ಬಂತು. ವಿಂಡೋಸ್‌ನಲ್ಲಿ ಬರಲಿಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತು, ಕೋಡ್ 39. ಡ್ರೈವನ್ನು ನಡೆಸುವ ಸಾಫ್ಟ್‌ವೇರು (ಡ್ರೈವರ್) ಲೋಡ್ ಆಗಿಲ್ಲ ಎಂದು ಇದರ ಅರ್ಥ. "ಹೊಸದೂ ಕೆಟ್ಟೈತೇನಪ್ಪ?" ಅಂದರು ಮೇಷ್ಟ್ರು. ಡ್ರೈವ್ ಸರಿಯಾಗಿಯೇ ಇತ್ತು. ಎಂದೋ ಹಾಕಿ ತೆಗೆದಿದ್ದ ಸಿಡಿ ಬರೆಯುವ ಸಾಫ್ಟ್‌ವೇರು ವಿಂಡೋಸಿನ ಸೆಟ್ಟಿಂಗುಗಳೆಲ್ಲ ಇರುವ ರಿಜಿಸ್ಟ್ರಿಯಲ್ಲಿ ತನ್ನ ಹೆಸರು ಬಿಟ್ಟುಹೋಗಿತ್ತು. ವಿಂಡೋಸ್ ಪ್ರತಿ ಸಲ ಅದನ್ನು ಹುಡುಕಿ, ಸಿಗದೆ, ಡ್ರೈವನ್ನೇ ಕೈಬಿಡುತ್ತಿತ್ತು. ಸಿಡಿ ಡ್ರೈವುಗಳ ವಿಭಾಗ ರಿಜಿಸ್ಟ್ರಿಯಲ್ಲಿ 4ಡಿ36ಇ965 ಎಂದು ಶುರುವಾಗುವ ಉದ್ದನೆಯ ಸಂಖ್ಯೆಯ ಕೆಳಗಿರುತ್ತದೆ. ಅದನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡನ್ನು ಅಳಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಡ್ರೈವ್ ಬಂತು. ಹೊಸ ಡ್ರೈವನ್ನು ಕೆಟ್ಟದ್ದೆಂದು ಅಂಗಡಿಗೆ ವಾಪಸ್ ಒಯ್ಯುವವರು ಈ ಒಂದನ್ನು ನೋಡಿಕೊಂಡು ಒಯ್ಯಬೇಕು.

ಮೊದಲ ಪರೀಕ್ಷೆಗೆ ಮದುವೆ ಡಿಸ್ಕ್ ಹಾಕಲಿಲ್ಲ. ಮದರ್‌ಬೋರ್ಡಿನ ಜತೆ ಬಂದಿದ್ದ ಡ್ರೈವರ್ ಸಿಡಿ, ಆಮೇಲೆ ಆ ಸಿನಿಮಾ ಡಿವಿಡಿ. ಎರಡೂ ಓದಿದ ಮೇಲೇ ಮನೆಯ ಡಿಸ್ಕುಗಳಿಗೆ ಕೈ ಹಾಕಿದ್ದು.

ಬೀರುವಿನ ಡಿಸ್ಕುಗಳು

ರೆಕ್ಸಿನ್ ಚೀಲದಲ್ಲಿ ಬಗೆಬಗೆಯವು ಇದ್ದವು. ಮುಖ್ಯವಾದವು ಎರಡು ಗುಂಪು: ಮದುವೆಯ ಮೂರು ಡಿವಿಡಿ, ಮೇಷ್ಟ್ರ ತಾಯಿಯ ಹಾಡಿನ ಒಂದು ಆಡಿಯೋ ಸಿಡಿ. ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ. ಬೀಸುವ ಪದ, ಸೋಬಾನೆ ಪದ ಹಾಡುತ್ತಿದ್ದವರು. ಮೇಷ್ಟ್ರ ಶಿಷ್ಯನೊಬ್ಬ ರೆಕಾರ್ಡ್ ಮಾಡಿಕೊಂಡು ಸಿಡಿಗೆ ಹಾಕಿ ಕೊಟ್ಟಿದ್ದ. ಅದರ ಇನ್ನೊಂದು ಪ್ರತಿ ಯಾರ ಬಳಿಯೂ ಇಲ್ಲ.

"ಅದನ್ನ ಅಳಿಯಂದ್ರು ಪೆನ್‌ಡ್ರೈವ್‌ಗೆ ಹಾಕ್ಕೊಂಡಾರಲ್ಲ, ಅದು ಐತಿ ಬಿಡ್ರಿ" ಎಂದರು ಮನೆಯ ಅಮ್ಮ. ಪೆನ್‌ಡ್ರೈವ್ ತೆರೆದು ನೋಡಿದೆ. ಟ್ರ್ಯಾಕ್ 01, ಟ್ರ್ಯಾಕ್ 02 ಎಂದು ಸಾಲಾಗಿ ಫೈಲುಗಳಿದ್ದವು. ಒಂದೊಂದರ ಎದುರಿಗೂ 1 ಕೆಬಿ. ಆಡಿಯೋ ಸಿಡಿಯನ್ನು ವಿಂಡೋಸ್‌ನಲ್ಲಿ ತೆರೆದರೆ ಸಿಡಿಎ ಎಂಬ ಫೈಲುಗಳು ಕಾಣುತ್ತವೆ. ಅವು 44 ಬೈಟಿನವು. ಹಾಡು ಡಿಸ್ಕಿನ ಎಲ್ಲಿ ಶುರು, ಎಷ್ಟು ಉದ್ದ ಎಂಬುದಷ್ಟೇ ಅವುಗಳಲ್ಲಿರುವುದು. ಹಾಡಿನ ಒಂದು ಸ್ವರವೂ ಅವುಗಳಲ್ಲಿಲ್ಲ. ಕಾಪಿ ಪೇಸ್ಟ್ ಮಾಡಿದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ, ಕಾಪಿ ಆಯಿತೆಂದೇ ತೋರಿಸುತ್ತದೆ. ಸಿಡಿ ಒಳಗಿರುವಾಗ ಒತ್ತಿದರೆ ಹಾಡುತ್ತದೆ ಕೂಡ. ಎಷ್ಟು ಮನೆಗಳಲ್ಲಿ ಹೀಗೆ 'ಕಾಪಿ ಇದೆ' ಎಂದುಕೊಂಡು ಮೂಲ ಸಿಡಿ ಎಸೆದಿದ್ದಾರೋ ಎಂದು ನನಗೆ ಸಂಕಟವಾಗುತ್ತದೆ. ಈ ಬರಹ ಓದುತ್ತಿರುವವರ ಮನೆಯಲ್ಲಿ ಅಂಥ ಪೆನ್‌ಡ್ರೈವ್ ಇದ್ದರೆ ಇವತ್ತೇ ಫೈಲಿನ ಗಾತ್ರ ನೋಡಿ.

ಹಾಗಾಗಿ ಮೊದಲು ತೆಗೆದದ್ದು ತಾಯಿಯ ಸಿಡಿ. ಅದರ ಮೇಲೆ ಬಾಲ್ ಪೆನ್ನಿನಲ್ಲಿ 'ಅವ್ವನ ಪದಗಳು' ಎಂದು ಒತ್ತಿ ಬರೆದಿತ್ತು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಬದಿಗೇ, ತೆಳು ಲೇಪನದ ಕೆಳಗೆ. ಹೊಳೆಯುವ ಬದಿಯ ಗೀರಿಗಿಂತ ಮೇಲ್ಬದಿಯ ಗೀರು ಹೆಚ್ಚು ಕೆಡುಕು. ಡಿವಿಡಿ ಹಾಗಲ್ಲ, ಅದರಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಪದರ ಇರುತ್ತದೆ. ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಇದ್ದಲ್ಲಿ ತೂತು ಬಿದ್ದಿರಲಿಲ್ಲ. ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸಿದೆ. ಸುತ್ತ ಒರೆಸಿದರೆ ಬೀಳುವ ಗೀರು ಹಾಡಿನ ಸಾಲಿನುದ್ದಕ್ಕೂ ಬಿದ್ದು, ಡ್ರೈವಿಗೆ ತಪ್ಪು ತಿದ್ದಿಕೊಳ್ಳಲು ಆಗುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಸಿಡಿಯ ಹಾಡನ್ನು ಫೈಲಾಗಿಸುವ ರಿಪ್ ಎಂಬ ಬಟನ್ ಇದೆ. ಅದರಲ್ಲಿ ಡಬ್ಲ್ಯುಎವಿ ಆರಿಸಿಕೊಂಡೆ, ಎಂಪಿ3 ಬೇಡ ಎಂದೆ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, ಆಗಲಿ. ಒಂದೇ ಪ್ರತಿ ಇರುವ ದನಿಯನ್ನು ಕುಗ್ಗಿಸಬಾರದು. ವಾಟ್ಸಾಪಿಗೆ ಬೇಕಾದರೆ ಆಮೇಲೆ ಅದರಿಂದ ಎಂಪಿ3 ಮಾಡಿಕೊಳ್ಳಬಹುದು.

ಎಲ್ಲ ಟ್ರ್ಯಾಕೂ ಬಂದವು. ಸ್ಪೀಕರಿನಲ್ಲಿ ಹಾಕಿದಾಗ ಅಮ್ಮ ಒಳಗಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. "ಇದು ನಮ್ಮತ್ತೆ ಕಟ್ಟೆ ಮ್ಯಾಲೆ ಕೂತು ಹಾಡಿದ್ದು. ಆ ಹುಡುಗ ಬೀಸೋಕಲ್ಲು ಸದ್ದು ಜಾಸ್ತಿ ಆಗುತ್ತೆ ಅಂತ ಹೊರಗೆ ಕರ್ಕಂಡು ಬಂದಿದ್ದ" ಎಂದು ನೆನಪಿಸಿಕೊಂಡು, ಮುಂದಿನ ಸಾಲನ್ನು ಅವರೇ ಹೇಳಿದರು.

ಮದುವೆಯ ಒಂದನೇ, ಮೂರನೇ ಡಿವಿಡಿ ತಕರಾರಿಲ್ಲದೆ ಕಾಪಿಯಾದವು. ಸ್ಟುಡಿಯೋದವರು ಮಾಡಿಕೊಟ್ಟ ಡಿವಿಡಿಗಳಿಗೆ ಸಾಮಾನ್ಯವಾಗಿ ಕಾಪಿ ತಡೆಯುವ ಬೀಗ ಇರುವುದಿಲ್ಲ. ವಿಡಿಯೋ ಟಿಎಸ್ ಎಂಬ ಫೋಲ್ಡರನ್ನು ಹಾಗೇ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ವಿಎಲ್‌ಸಿ ಪ್ಲೇಯರಿನಲ್ಲಿ ನೋಡಬಹುದು. ಸಿಕ್ಕಿಬಿದ್ದಿದ್ದ ಎರಡನೆಯದು ತೊಂದರೆ ಕೊಟ್ಟಿತು. ಅದರ ಮೇಲೆ ವಧೂವರರ ಫೋಟೋ ಇರುವ ಹೊಳಪಿನ ಸ್ಟಿಕ್ಕರ್ ಅಂಟಿಸಿದ್ದರು. ಒಂದು ಕಡೆ ಅಂಚು ಎದ್ದು, ಡಿಸ್ಕ್ ಒಂದಿಷ್ಟು ಬಾಗಿತ್ತು. ಇಂಥ ಸ್ಟಿಕ್ಕರ್ ಬಿಸಿಗೆ ಮುದುಡಿ ಡಿಸ್ಕನ್ನು ಬಗ್ಗಿಸುತ್ತದೆ, ತಿರುಗುವಾಗ ತೂಕ ಒಂದು ಕಡೆಗೆ ಎಳೆಯುತ್ತದೆ. ಕಿತ್ತು ತೆಗೆಯಲು ಹೋಗಬಾರದು. ಎದ್ದಿದ್ದ ಅಂಚನ್ನು ಮಾತ್ರ ಕತ್ತರಿಸಿದೆ.

ವಿಂಡೋಸ್ ಈ ಡಿಸ್ಕಿನ ಮೂರನೇ ವಿಒಬಿ ಫೈಲಿನಲ್ಲಿ (ಡಿವಿಡಿಯ ವಿಡಿಯೋ ಇರುವ ಫೈಲಿನಲ್ಲಿ) ನಿಂತು, ಎರರ್ ಕೊಟ್ಟು, ಆ 1 ಜಿಬಿಯನ್ನು ಪೂರ್ತಿ ಬಿಟ್ಟುಬಿಡುತ್ತಿತ್ತು. ಕೆಟ್ಟಿರುವುದು ಚೂರು, ಹೋಗುವುದು ಇಡೀ ಫೈಲು. ಇಂಥ ಕಡೆ ಪೆನ್‌ಡ್ರೈವಿನಿಂದ ವಿಂಡೋಸ್ ಬದಲು ಲಿನಕ್ಸ್ ಶುರುಮಾಡಿ, ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಡಿಡಿರೆಸ್ಕ್ಯೂ ಓಡಿಸುತ್ತೇನೆ. ಅದು ಫೈಲು ನೋಡದೆ ಡಿಸ್ಕನ್ನು ಸೆಕ್ಟರುಗಳ ಲೆಕ್ಕದಲ್ಲಿ ಓದುತ್ತದೆ. ಡಿವಿಡಿಯಲ್ಲಿ ಸೆಕ್ಟರೆಂದರೆ 2048 ಬೈಟಿನ ತುಂಡು. ಮೊದಲ ಸುತ್ತಿನಲ್ಲಿ ತಡೆದಲ್ಲಿ ನಿಲ್ಲದೆ ಮುಂದೆ ಹೋಗಿ ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಆಮೇಲೆ ಬಿಟ್ಟುಹೋದ ಜಾಗಕ್ಕೆ ಮರಳಿ ಬಂದು ಚಿಕ್ಕ ಚಿಕ್ಕ ತುಂಡಾಗಿ ಕೇಳುತ್ತದೆ. ಯಾವುದು ಬಂತು, ಯಾವುದು ಬಾಕಿ ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಫೈಲು ಇದ್ದರೆ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಬಾಕಿ ಉಳಿದಷ್ಟನ್ನೇ ಮತ್ತೆ ಓದಿಸಬಹುದು. ಒಂದು ಡ್ರೈವಿಗೆ ಆಗದ ಸೆಕ್ಟರು ಇನ್ನೊಂದಕ್ಕೆ ಸಿಗುವುದು ಎಷ್ಟೋ ಸಲ ಕಂಡಿದ್ದೇನೆ. ಇಲ್ಲೂ ಮೇಷ್ಟ್ರ ಡ್ರೈವಿನಲ್ಲಿ ಉಳಿದದ್ದರಲ್ಲಿ ಹೆಚ್ಚಿನ ಪಾಲು ನನ್ನ ಅಂಗಡಿಯ ಡ್ರೈವಿನಲ್ಲಿ ಬಂತು. ಕೊನೆಗೂ ಬಾರದ ಸೆಕ್ಟರುಗಳಿಂದ ಊಟದ ಪಂಕ್ತಿಯ ದೃಶ್ಯದಲ್ಲಿ ಎರಡು ಕಡೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಧಾರೆಯ ಭಾಗ ಪೂರ್ತಿ ಸಿಕ್ಕಿದೆ.

ಪುಣೆಗೆ ಒಯ್ಯಲೆಂದು ಪೆನ್‌ಡ್ರೈವಿಗೆ ಹಾಕುವಾಗ ಒಂದು ತಡೆ ಬಂತು, ಇದೂ ಎಲ್ಲರಿಗೂ ಬರುವಂಥದ್ದು. ತುಂಬಿದ ಡಿವಿಡಿಯ ಇಮೇಜು, ಎಂದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿಸಿದ ಪ್ರತಿ, 4 ಜಿಬಿ ಮೀರುತ್ತದೆ; ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನ ಪೆನ್‌ಡ್ರೈವ್ ಅಷ್ಟು ದೊಡ್ಡ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ, ಖಾಲಿ ಜಾಗ ಎಷ್ಟೇ ಇರಲಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹೋಯಿತು. ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಲು ಎಂಪಿ4 ಪ್ರತಿಗಳನ್ನು ಬೇರೆ ಮಾಡಿಕೊಟ್ಟೆ, ಮೂಲದ ಇಮೇಜುಗಳನ್ನು ಅಳಿಸಲಿಲ್ಲ. ಈಗ ಒಂದು ಪ್ರತಿ ಮೇಷ್ಟ್ರ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಮಗಳ ಬಳಿ.

ಹಳೇ ಡ್ರೈವನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟದ್ದಾಯಿತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೇ ನಿಂತಿರುವುದರಿಂದ ಆ ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ ಎಂದು ಮೇಷ್ಟ್ರಿಗೆ ಹೇಳಿ ಒಪ್ಪಿಸಿದೆ. ಚೀಲದಲ್ಲಿ ಉಳಿದಿದ್ದ ಡಿಸ್ಕುಗಳನ್ನು ಎರಡು ಭಾಗ ಮಾಡಿದೆವು. ಬೇರೆಲ್ಲೂ ಪ್ರತಿ ಇಲ್ಲದವು ಮೊದಲು, ಅಂಗಡಿಯಲ್ಲಿ ಕೊಂಡವು ಆಮೇಲೆ. ಮೇಷ್ಟ್ರು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಡಿಸ್ಕಿನ ಹೆಸರು, ಕಾಪಿಯ ಗಾತ್ರ, ಹಾಕಿ ನೋಡಿದ ತಾರೀಖು ಎಂದು ಮೂರು ಕಲಂ ಮಾಡಿಕೊಂಡು ಶಾಲೆಯ ವಾರ್ಷಿಕೋತ್ಸವದ ಸಿಡಿಯಿಂದ ತಾವೇ ಕೆಲಸ ಶುರುಮಾಡಿದ್ದಾರೆ.